ಎಡಗೈಗೆ ಕಟ್ಟಿದ ಪಟ್ಟಿ

ಆಸ್ಪತ್ರೆಗೆ ಸೇರಬೇಕಾದ ದಿನವೂ ಅಕ್ಕ ಮಧ್ಯಾಹ್ನ ಎರಡು ಗಂಟೆಯವರೆಗೆ ಹೊಲಿಗೆ ಮಿಷನ್ ಬಿಟ್ಟು ಏಳಲಿಲ್ಲ. ಯಾರದೋ ಮಗುವಿನ ಶಾಲೆಯ ಅಂಗಿಗೆ ಗುಂಡಿ ತೂರಿಸುವ ಇನ್ನೆರಡು ಕಾಜಾ ಬಾಕಿ ಇದ್ದವು. ಚುಚ್ಚಮ್ಮ ಬಟ್ಟೆಯ ಚೀಲ ಹಿಡಿದುಕೊಂಡು ಬಾಗಿಲಲ್ಲೇ ನಿಂತಿದ್ದಳು.

“ಏಳಿ ಅಕ್ಕ. ವಾರ್ಡಿನಲ್ಲಿ ಕಾಯ್ತಿರ್ತಾರೆ.”

“ಕಾಯ್ಲಿ ಬಿಡೇ. ಕುತ್ತಿಗೆ ಕೊಯ್ಯೋರಿಗೆ ಅಷ್ಟೇನು ಅವಸರ?”

ಚುಚ್ಚಮ್ಮ ಅನ್ನುವುದು ಅಕ್ಕ ಇಟ್ಟ ಹೆಸರು. ಹದಿನಾಲ್ಕು ವರ್ಷ ನರ್ಸ್ ಆಗಿ ಕಂಡವರಿಗೆಲ್ಲ ಸೂಜಿ ಚುಚ್ಚಿದ್ದಕ್ಕೆ ಸಿಕ್ಕ ಬಿರುದು. ಅಕ್ಕ ಅವಳ ಒಡಹುಟ್ಟಿದವಳೇನಲ್ಲ, ಓರಗಿತ್ತಿ; ಗಂಡನ ಅಣ್ಣನ ಹೆಂಡತಿ. ಭಾವ ತೀರಿಕೊಂಡು ಆರು ವರ್ಷವಾಗಿತ್ತು, ಮಕ್ಕಳಿರಲಿಲ್ಲ. ಕಟ್ಟಡದ ಕೆಳಗಿನ ಎರಡು ಕೋಣೆಯಲ್ಲಿ ಅಕ್ಕ ಮತ್ತು ಅಕ್ಕನ ಮಿಷನ್, ಮೇಲಿನ ಮೂರರಲ್ಲಿ ಇವರ ಸಂಸಾರ. ಬೀದಿಯವರಿಗೆ ಅಕ್ಕ ಟೈಲರಮ್ಮ. ಚುಚ್ಚಮ್ಮನ ಮಗಳಿಗೆ ದೊಡ್ಡಮ್ಮ. ಆ ಮಗು ಹಾಲು ಕುಡಿದದ್ದು ಮಾತ್ರ ತಾಯಿಯ ಹತ್ತಿರ. ಉಳಿದಂತೆ ಮಲಗಿದ್ದು, ಬಿದ್ದದ್ದು, ಹಲ್ಲು ಉದುರಿಸಿಕೊಂಡಿದ್ದು ಎಲ್ಲ ಮಿಷನ್‌ನ ಕಾಲಡಿಯಲ್ಲಿ, ತುಂಡುಬಟ್ಟೆಗಳ ರಾಶಿಯಲ್ಲಿ.

ಕುತ್ತಿಗೆಯ ಗಂಟನ್ನು ಮೊದಲು ಕಂಡದ್ದೂ ಆ ಮಗುವೇ. ಅಕ್ಕನ ಕುತ್ತಿಗೆಯಲ್ಲಿ ಅಳತೆಯ ಟೇಪು ಇಲ್ಲದ ಹೊತ್ತೇ ಇರಲಿಲ್ಲ, ಹಾಗಾಗಿ ಟೇಪಿನ ಹಿಂದೆ ಏನು ಬೆಳೆಯುತ್ತಿದೆ ಎಂದು ಯಾರೂ ನೋಡಿರಲಿಲ್ಲ. ಒಂದು ದಿನ ಸ್ನಾನ ಮುಗಿಸಿ ಬಂದ ಅಕ್ಕನ ಮಡಿಲೇರಿ ಮಗು, “ದೊಡ್ಡಮ್ಮ, ನಿಮ್ಮ ಕತ್ತೊಳಗೆ ಗೋಲಿ ಇದೆ, ನುಂಗಿದ್ರಾ?” ಎಂದು ಕೇಳಿತ್ತು. ಪರೀಕ್ಷೆಯಲ್ಲಿ ಅದು ಒಳ್ಳೆಯ ಗಂಟಲ್ಲ ಎಂದು ಗೊತ್ತಾಯಿತು. ಥೈರಾಯ್ಡ್ ಪೂರ್ತಿ ತೆಗೆಯಬೇಕು ಎಂದರು ದೊಡ್ಡ ಡಾಕ್ಟರು.

ಅವರು ಚುಚ್ಚಮ್ಮ ಕೆಲಸ ಮಾಡುವ ಆಪರೇಷನ್ ಥಿಯೇಟರಿನ ಸರ್ಜನ್ನರೇ. ಅಕ್ಕನನ್ನು ಕೂರಿಸಿಕೊಂಡು ಕಾಗದದ ಮೇಲೆ ಚಿಟ್ಟೆಯಂಥ ಚಿತ್ರ ಬರೆದು, ಅದರ ಬೆನ್ನಿಗೆ ನಾಲ್ಕು ಚುಕ್ಕಿ ಇಟ್ಟರು.

“ಈ ಚಿಟ್ಟೆನ ತೆಗೀತೀವಿ. ಆದ್ರೆ ಹಿಂದೆ ಅಂಟಿಕೊಂಡಿರೋ ಈ ನಾಲ್ಕು ಕಾಳು ಉಳೀಬೇಕು. ಬೇಳೆಯಷ್ಟೇ ಇರ್ತವೆ. ರಕ್ತದಲ್ಲಿ ಕ್ಯಾಲ್ಸಿಯಂ ಇಳೀದ ಹಾಗೆ ನೋಡಿಕೊಳ್ಳೋದು ಅವೇ. ಅವಕ್ಕೆ ರಕ್ತ ತರೋ ನಾಳ ಕೂದಲಿಗಿಂತ ಸ್ವಲ್ಪ ದಪ್ಪ, ಅಷ್ಟೇ. ಅದಕ್ಕೆ ಪೆಟ್ಟಾದ್ರೆ ಕಾಳು ಸಾಯುತ್ತೆ.”

“ಸತ್ತರೆ?”

“ತುಟಿ, ಬೆರಳ ತುದಿ ಜುಮ್ಮನ್ನುತ್ತೆ. ತೀರಾ ಕಡಿಮೆಯಾದ್ರೆ ಬೆರಳು ಸೆಟೆದುಕೊಳ್ಳುತ್ತೆ. ಮಾತ್ರೆ ಇದೆಯಮ್ಮ, ಗಾಬರಿ ಬೇಡ.”

ಕ್ಯಾನ್ಸರ್ ಎಂಬ ಮಾತಿಗೂ ಮುಖ ಬಾಡಿಸದ ಅಕ್ಕ ಬೆರಳು ಎಂದಾಗ ಬಿಳಿಚಿಕೊಂಡಳು. ಮನೆಗೆ ಬರುವ ಬಸ್ಸಿನಲ್ಲಿ ದಾರಿಯುದ್ದಕ್ಕೂ ಬಲಗೈಯ ಹೆಬ್ಬೆರಳನ್ನೂ ತೋರುಬೆರಳನ್ನೂ ಕೂಡಿಸಿ ಬಿಡಿಸಿ, ಕೂಡಿಸಿ ಬಿಡಿಸಿ ನೋಡುತ್ತಿದ್ದಳು.

“ಕುತ್ತಿಗೆ ಹೋದ್ರೆ ಹೋಗ್ಲಿ ಕಣೇ. ಈ ಎರಡು ಬೆರಳು ಹೋದ್ರೆ ನಾನು ಯಾವ ಲೆಕ್ಕಕ್ಕೂ ಇಲ್ಲ. ನಿಮ್ಮ ಮನೆ ಬಾಗಿಲಲ್ಲಿ ತಟ್ಟೆ ಹಿಡಿದು ಕೂತ್ಕೊಳ್ಳೋದು ನನ್ನ ಕೈಲಾಗಲ್ಲ.”

“ಏನು ಮಾತು ಅಂತ ಆಡ್ತೀರಿ! ಹೊಸ ಕ್ಯಾಮೆರಾ ಬಂದಿದೆ ಅಕ್ಕ. ಕೈಗೆ ಹಾಕಿರೋ ಸೂಜಿಯಲ್ಲಿ ಒಂದು ಹಸಿರು ಬಣ್ಣ ಬಿಡ್ತೀವಿ, ಅದು ರಕ್ತದ ಜೊತೆ ಹೋಗುತ್ತೆ. ದೀಪ ಎಲ್ಲ ಆರಿಸಿ ಆ ಕ್ಯಾಮೆರಾದಲ್ಲಿ ನೋಡಿದ್ರೆ, ರಕ್ತ ಓಡಾಡ್ತಿರೋ ಕಾಳು ಬೆಳ್ಳಗೆ ಹೊಳೆಯುತ್ತೆ. ರಕ್ತ ಇಲ್ಲದ್ದು ಕತ್ತಲು. ಮುಂಚೆ ಎಲ್ಲ ಕಣ್ಣಂದಾಜು. ಈಗ ಎದುರಿಗೇ ಕಾಣುತ್ತೆ.”

“ಕತ್ತಲಾಗಿದ್ರೆ ಏನ್ಮಾಡ್ತಾರೆ?”

“ತೆಗೆದು ಸಣ್ಣಗೆ ಹೆಚ್ಚಿ, ಪಕ್ಕದ ಮಾಂಸದೊಳಗೆ ನೆಡ್ತಾರೆ. ಕೆಲವು ಸಲ ಚಿಗುರುತ್ತೆ.”

“ಕೆಲವು ಸಲ,” ಎಂದಳು ಅಕ್ಕ. “ಒಟ್ಟಿನಲ್ಲಿ ನನ್ನ ಕುತ್ತಿಗೆಯೊಳಗೆ ದೀಪ ಹಚ್ಚಿ ಮನೇಲಿ ಯಾರಿದ್ದಾರೆ ಅಂತ ನೋಡ್ತೀರಿ ಅನ್ನು,” ಎಂದು ನಕ್ಕಳು. ಆಮೇಲೆ ಬಲಗೈಯನ್ನು ಎದೆಗವಚಿಕೊಂಡು ಹೇಳಿದಳು: “ಒಂದು ಮಾತು ಕೊಡು. ಈ ಕೈ ಯಾರೂ ಮುಟ್ಟಬಾರದು. ಸೂಜಿ ಗೀಜಿ, ಪಟ್ಟಿ ಗಿಟ್ಟಿ ಏನಿದ್ರೂ ಎಡಗೈಗೆ. ನಿಮ್ಮ ಭಾವನ ಕಾಲದಲ್ಲಿ ಜ್ವರಕ್ಕೆ ಅಂತ ಹೋಗಿ ಈ ಕೈಗೆ ಡ್ರಿಪ್ ಹಾಕಿಸಿಕೊಂಡು, ಹದಿನೈದು ದಿನ ಕತ್ತರಿ ಹಿಡಿಯೋಕಾಗಿರ್ಲಿಲ್ಲ.”

“ಕೊಟ್ಟೆ ಅಕ್ಕ. ನಾನಿರ್ತೀನಲ್ಲ ಅಲ್ಲಿ.”

ಹಾಗೆಂದು ಮಾತು ಕೊಟ್ಟಳು. ಮನೆಯವರ ಆಪರೇಷನ್‌ಗೆ ನಿಲ್ಲಬೇಡ, ಕೈ ನಡುಗುತ್ತೆ ಎಂದು ಹೆಡ್ ನರ್ಸ್ ಹೇಳಿದರೂ ಕಾಡಿಬೇಡಿ ಆ ದಿನದ ಡ್ಯೂಟಿ ಹಾಕಿಸಿಕೊಂಡಳು.

ಥೈರಾಯ್ಡ್ ಆಪರೇಷನ್ನಿನಲ್ಲಿ ರೋಗಿಯ ಎರಡು ಕೈಯನ್ನೂ ಮೈಗೆ ಒತ್ತಿಟ್ಟು ಹಾಸುಬಟ್ಟೆಯಿಂದ ಬಿಗಿಯಾಗಿ ಸುತ್ತಿಬಿಡುತ್ತಾರೆ. ಅದರ ಮೇಲೆ ಹಸಿರು ಬಟ್ಟೆ ಹೊದಿಸಿದರೆ ಮುಗಿಯಿತು. ಆಮೇಲೆ ಕುತ್ತಿಗೆಯೊಂದು ಬಿಟ್ಟರೆ ಏನೂ ಕಾಣುವುದಿಲ್ಲ. ಆದ್ದರಿಂದ ಸೂಜಿ ಒಂದು ಕೈಗೆ, ಬಿಪಿ ಪಟ್ಟಿ ಇನ್ನೊಂದು ಕೈಗೆ ಕಟ್ಟುವುದು ವಾಡಿಕೆ. ಪಟ್ಟಿ ಐದು ನಿಮಿಷಕ್ಕೊಮ್ಮೆ ತಾನೇ ಉಬ್ಬಿ ತೋಳನ್ನು ಹಿಂಡುತ್ತದೆ. ಅದೇ ತೋಳಲ್ಲಿ ಸೂಜಿ ಇದ್ದರೆ, ಹಿಂಡಿದಷ್ಟು ಹೊತ್ತು ಔಷಧಿ ಮುಂದೆ ಹೋಗುವುದಿಲ್ಲ.

ಅರಿವಳಿಕೆ ಡಾಕ್ಟರಮ್ಮ ಅಕ್ಕನ ಎಡಗೈಗೆ ಸೂಜಿ ಹಾಕಿ, ಪ್ರಜ್ಞೆ ತಪ್ಪಿಸಿದ ಮೇಲೆ ಪಟ್ಟಿಯನ್ನು ಕಾಲಿಗೆ ಕಟ್ಟಿದರು. ಚುಚ್ಚಮ್ಮನ ಕೋರಿಕೆಯ ಮೇರೆಗೇ. ಕಾಲಿನಲ್ಲಿ ಪಟ್ಟಿ ಒಂದು ಸಲ ಒಂದು ಹೇಳಿತು, ಮತ್ತೊಂದು ಸಲ ಮತ್ತೊಂದು.

“ಇದನ್ನ ನಂಬಿಕೊಂಡು ಮೂರು ಗಂಟೆ ಕೂರೋಕಾಗಲ್ಲಮ್ಮ. ಬಲಗೈಗೇ ಕಟ್ತೀನಿ.”

“ಮೇಡಂ, ಬೇಡ. ಅದು ಅವರು ಹೊಲಿಯೋ ಕೈ. ಮಾತು ಕೊಟ್ಟಿದ್ದೀನಿ.”

“ಪಟ್ಟಿ ಕಟ್ಟಿದ್ರೆ ಕೈ ಸವೆದು ಹೋಗುತ್ತಾ?”

“ಎದ್ದ ಮೇಲೆ ಮೊದಲು ಆ ಕೈ ನೋಡಿಕೊಳ್ತಾರೆ ಮೇಡಂ. ಒಂದು ಕೆಂಪು ಗೆರೆ ಕಂಡ್ರೂ ನನ್ನ ಬಿಡಲ್ಲ.”

ಡಾಕ್ಟರಮ್ಮ ಮೆತ್ತನೆಯ ಸ್ವಭಾವದವರು. ನಕ್ಕು ಪಟ್ಟಿಯನ್ನು ಎಡತೋಳಿಗೇ, ಸೂಜಿಯ ಮೇಲ್ಭಾಗಕ್ಕೆ ಕಟ್ಟಿದರು. “ಸರಿ. ಆದ್ರೆ ಬಣ್ಣ ಬಿಡೋ ಮುಂಚೆ ಮಾನಿಟರಿನಲ್ಲಿ ಪಟ್ಟಿ ನಿಲ್ಲಿಸೋದು ನಿನ್ನ ಕೆಲಸ. ಮರೀಬೇಡ.”

“ಮರೆಯೋದುಂಟಾ ಮೇಡಂ?”

ಆಪರೇಷನ್ ಎಣಿಸಿದಷ್ಟು ಸಲೀಸಾಗಲಿಲ್ಲ. ಗಂಟು ಬಲಗಡೆ ಬೇರುಬಿಟ್ಟಂತೆ ಅಂಟಿಕೊಂಡಿತ್ತು. ಆ ಬದಿಯ ಮೇಲಿನ ಕಾಳು ಗಂಟಿನೊಳಗೇ ಸೇರಿಹೋಗಿತ್ತು, ಅದನ್ನು ಬಿಡಿಸುವ ಹಾಗಿರಲಿಲ್ಲ. ಕೆಳಗಿನದು ಎಷ್ಟು ಹುಡುಕಿದರೂ ಸಿಗಲಿಲ್ಲ. ಉಳಿದದ್ದು ಎಡಗಡೆಯ ಎರಡು. ಥೈರಾಯ್ಡ್ ಪೂರ್ತಿ ಹೊರಗೆ ಬಂದ ಮೇಲೆ ದೊಡ್ಡ ಡಾಕ್ಟರು ಆ ಎರಡನ್ನೂ ತುಂಬ ಹೊತ್ತು ನೋಡಿದರು. ಬೇಳೆಯ ಹಳದಿ ಹೋಗಿ ಎರಡೂ ಕಂದುಗಟ್ಟಿದ್ದವು.

“ಕಣ್ಣಿಗೆ ಚೆನ್ನಾಗಿ ಕಾಣ್ತಿಲ್ಲ. ಕ್ಯಾಮೆರಾ ತನ್ನಿ.”

ಅಲ್ಲಿಂದ ಮುಂದಿನ ಐದು ನಿಮಿಷವನ್ನು ಚುಚ್ಚಮ್ಮ ಆಮೇಲೆ ಎಷ್ಟು ಸಲ ಬಿಚ್ಚಿ ಹೊಲಿದಳೋ ಲೆಕ್ಕವಿಲ್ಲ. ಕ್ಯಾಮೆರಾಕ್ಕೆ ಪ್ಲಾಸ್ಟಿಕ್ ಚೀಲ ತೊಡಿಸಿದಳು. ಪರದೆಯಿದ್ದ ಗಾಲಿಮೇಜನ್ನು ಎಲ್ಲರಿಗೂ ಕಾಣುವಂತೆ ತಿರುಗಿಸಿದಳು. ತಲೆಯ ಮೇಲಿನ ದೊಡ್ಡ ದೀಪ ಆರಿಸಿದಳು, ಗೋಡೆಯ ದೀಪ ಆರಿಸಿದಳು, ಬಾಗಿಲ ಗಾಜಿಗೆ ಬಟ್ಟೆ ಎಳೆದಳು. ಕತ್ತಲಲ್ಲಿ ನಿಂತು, ಎರಡೂ ಹೊಳೆಯಲಿ ದೇವರೇ, ಎರಡಾಗದಿದ್ದರೆ ಒಂದಾದರೂ ಹೊಳೆಯಲಿ ಎಂದು ಬೇಡಿಕೊಂಡಳು. ಅಷ್ಟೆಲ್ಲ ಮಾಡಿದವಳು ಪಟ್ಟಿ ನಿಲ್ಲಿಸುವ ಗುಂಡಿಯನ್ನು ಮಾತ್ರ ಒತ್ತಲಿಲ್ಲ.

“ಬಣ್ಣ ಬಿಟ್ಟೆ,” ಎಂದರು ಡಾಕ್ಟರಮ್ಮ. “ಸಿರಿಂಜ್ ಸ್ವಲ್ಪ ಗಟ್ಟಿ ಹೋಗ್ತಿದೆ.”

ಎಲ್ಲರ ಕಣ್ಣೂ ಪರದೆಯ ಮೇಲಿತ್ತು. ಅರ್ಧ ನಿಮಿಷ ಏನೂ ಇಲ್ಲ. ಮುಕ್ಕಾಲು ನಿಮಿಷಕ್ಕೆ ಕುತ್ತಿಗೆಯ ದೊಡ್ಡ ನಾಳ ಬೂದಿ ಬಣ್ಣಕ್ಕೆ ತಿರುಗಿತು. ಮಾಂಸದ ಮೇಲೆ ಮಂಜು ಹಿಡಿದ ಗಾಜಿನಂಥ ಬೆಳಕು ಹರಡಿತು. ಕಾಳುಗಳಿದ್ದ ಎರಡು ಜಾಗ ಮಾತ್ರ ಕಪ್ಪಾಗಿಯೇ ಉಳಿದವು. ಒಂದು ನಿಮಿಷ. ಒಂದೂವರೆ.

“ಎರಡೂ ಹೋಗಿವೆ,” ಎಂದರು ದೊಡ್ಡ ಡಾಕ್ಟರು. ಅವರ ದನಿ ಕುಗ್ಗಿತ್ತು. “ದೀಪ ಹಾಕಿ. ಎರಡನ್ನೂ ತೆಗೆದು ನೆಟ್ಟುಬಿಡೋಣ. ಬಟ್ಟಲು ಕೊಡಿ.”

ಚುಚ್ಚಮ್ಮ ದೀಪದ ಗುಂಡಿಯ ಕಡೆ ತಿರುಗಿದಳು. ಆಗ ಮಾನಿಟರ್ ಕಣ್ಣಿಗೆ ಬಿತ್ತು. ಬಿಪಿ ಬರೆಯುವ ಜಾಗದಲ್ಲಿ ಅಂಕಿಯ ಬದಲು ಮೂರು ಅಡ್ಡಗೆರೆಗಳಿದ್ದವು. ಎಡಗಡೆ ನಿಂತಿದ್ದ ಸಹಾಯಕ ಡಾಕ್ಟರು ಆಜಾನುಬಾಹು. ಪರದೆ ನೋಡುವ ಭರದಲ್ಲಿ ಅಕ್ಕನ ಎಡಗೈಗೆ ಪೂರ್ತಿ ಮೈ ಒರಗಿಸಿ ನಿಂತಿದ್ದರು. ಒತ್ತಡಕ್ಕೆ ಅಳತೆ ಸಿಗದೆ ಪಟ್ಟಿ ಉಬ್ಬಿ, ಸ್ವಲ್ಪ ಇಳಿದು, ಮತ್ತೆ ಉಬ್ಬುತ್ತಿತ್ತು. ತೋಟಕ್ಕೆ ನೀರು ಬಿಟ್ಟು ಪೈಪಿನ ಮೇಲೇ ಕಾಲಿಟ್ಟು ನಿಂತ ಹಾಗೆ. ಬಣ್ಣದ ಮುಕ್ಕಾಲು ಪಾಲು ಅಕ್ಕನ ಮೊಣಕೈಯಲ್ಲೇ ಉಳಿದಿತ್ತು. ಮುಂದೆ ಜಿನುಗಿದ ಚೂರು ದೊಡ್ಡ ನಾಳಕ್ಕೆ ಸಾಕಾಗಿತ್ತು, ಕೂದಲಂಥ ನಾಳಕ್ಕೆ ಸಾಲದೆ ಹೋಗಿತ್ತು.

ಇಷ್ಟೂ ಅವಳಿಗೆ ಒಂದೇ ನೋಟಕ್ಕೆ ತಿಳಿಯಿತು. ನಾಲಿಗೆ ಏಳಲಿಲ್ಲ.

ಹೇಳಿದರೆ ಏನನ್ನು ಹೇಳಿದ ಹಾಗಾಗುತ್ತದೆ? ಒಂದೇ ಕೈಗೆ ಎರಡೂ ಕಟ್ಟಿಸಿದವಳು ನಾನು, ನಿಲ್ಲಿಸುತ್ತೇನೆಂದು ಮರೆತವಳೂ ನಾನು. ಡಾಕ್ಟರಮ್ಮನಿಗೆ ಎಲ್ಲರೆದುರು ಬೈಗುಳ. ಹೆಡ್ ನರ್ಸ್ ಹೇಳಿದ್ದು ಸರಿಯಾಯಿತು. ಜೊತೆಗೆ ಇನ್ನೊಂದು ದನಿ ಒಳಗೇ ಪಿಸುಗುಟ್ಟಿತು: ಪಟ್ಟಿ ಈಗಷ್ಟೇ ಉಬ್ಬಿರಬಹುದು, ಬಣ್ಣ ಹೋಗಿರಬಹುದು, ಕಾಳು ನಿಜಕ್ಕೂ ಸತ್ತಿರಬಹುದು, ಇಪ್ಪತ್ತೈದು ವರ್ಷ ಕುತ್ತಿಗೆ ನೋಡಿದವರಿಗೆ ನೀನು ಹೇಳಿಕೊಡುತ್ತೀಯಾ?

ದೀಪ ಹಾಕಿದಳು. ಬಟ್ಟಲಿನ ಪೊಟ್ಟಣ ಕೈಗೆತ್ತಿಕೊಂಡಳು. ಎರಡು ಮೂಲೆ ಹಿಡಿದು ಅದನ್ನು ನಿಧಾನವಾಗಿ ಹರಿದಳು. ಒಳಗಿನ ಬಟ್ಟಲನ್ನು ಮುಟ್ಟದೆ ಮೇಜಿಗೆ ಜಾರಿಸಿದಳು. ಅದಕ್ಕೆ ಸಲೈನ್ ಸುರಿದಳು. ದೊಡ್ಡ ಡಾಕ್ಟರು ಸಣ್ಣ ಕತ್ತರಿ ಕೇಳಿದರು. ಮೇಲಿನ ಕಾಳಿನ ಬುಡಕ್ಕೆ ಕತ್ತರಿ ಹೋಯಿತು.

ರಕ್ತ ಚಿಮ್ಮಿತು. ಕಪ್ಪು ರಕ್ತವಾಗಿದ್ದರೆ ಬೇರೆ ಮಾತು. ಅದು ಬೆರಳಿಗೆ ಸೂಜಿ ಚುಚ್ಚಿಕೊಂಡಾಗ ಬರುವಂಥ ಕಡುಗೆಂಪು, ಜೀವಂತ ಕೆಂಪು.

“ಅರೆ,” ಎಂದರು ದೊಡ್ಡ ಡಾಕ್ಟರು. ಕೈ ನಿಂತಿತು.

“ಸರ್, ನಿಲ್ಲಿ!” ತನ್ನ ದನಿಯನ್ನು ಚುಚ್ಚಮ್ಮ ತಾನೇ ಗುರುತಿಸಲಿಲ್ಲ. “ಪಟ್ಟಿ ಉಬ್ಬಿದೆ ಸರ್. ಸೂಜಿ ಇರೋ ಕೈಗೇ ಕಟ್ಟಿದ್ದು. ಬಣ್ಣ ಹೋಗಿಲ್ಲ. ಇನ್ನೊಂದನ್ನ ತೆಗೀಬೇಡಿ.”

ಡಾಕ್ಟರಮ್ಮ ಪಟ್ಟಿಯ ಗಾಳಿ ಬಿಟ್ಟರು. ಸಹಾಯಕ ಡಾಕ್ಟರು ಒಂದು ಹೆಜ್ಜೆ ಹಿಂದೆ ಸರಿದರು. ಮತ್ತೆ ದೀಪ ಆರಿಸಿ, ಮತ್ತೆ ಬಣ್ಣ ಬಿಟ್ಟು ನೋಡಿದರು. ಈ ಸಲ ಇಪ್ಪತ್ತೇ ಸೆಕೆಂಡಿಗೆ ಕುತ್ತಿಗೆಯೆಲ್ಲ ಹುಣ್ಣಿಮೆಯಾಯಿತು. ಕೆಳಗಿನ ಕಾಳು ಅದರ ನಡುವೆ ಬೂದಿ ಮುಚ್ಚಿದ ಕೆಂಡದ ಹಾಗೆ ಮಂಕಾಗಿ ಹೊಳೆಯಿತು. ಪೂರ್ತಿ ಬೆಳ್ಳಗಿಲ್ಲ, ಪೂರ್ತಿ ಕಪ್ಪೂ ಅಲ್ಲ.

“ಅರೆಜೀವ ಇದೆ. ಬಿಡೋಣ ಇದನ್ನ,” ಎಂದರು ದೊಡ್ಡ ಡಾಕ್ಟರು. ಕತ್ತರಿಸಿದ್ದನ್ನು ಬಟ್ಟಲಿನಲ್ಲಿ ಸಾಸಿವೆಯಷ್ಟು ಸಣ್ಣಗೆ ಹೆಚ್ಚಿ, ಕುತ್ತಿಗೆಯ ಮಾಂಸದೊಳಗೆ ಸಣ್ಣ ಜೇಬು ಮಾಡಿ ತುಂಬಿದರು. ಜೇಬಿನ ಬಾಯಿಗೆ ಒಂದು ಹೊಲಿಗೆ ಹಾಕಿದರು. ಕೊನೆಗೆ ಗ್ಲೌಸ್ ಕಳಚುತ್ತ ಎಲ್ಲರಿಗೂ ಕೇಳುವಂತೆ ಹೇಳಿದರು: “ತಪ್ಪು ನಮ್ಮೆಲ್ಲರದು. ಆದ್ರೆ ಇವಳು ಬಾಯಿ ಬಿಡದೆ ಇದ್ದಿದ್ರೆ ಎರಡೂ ಹೋಗ್ತಿತ್ತು.”

ಆ ಹೊಗಳಿಕೆಯನ್ನು ಚುಚ್ಚಮ್ಮ ತಲೆ ತಗ್ಗಿಸಿ ಕೇಳಿಸಿಕೊಂಡಳು. ವಿನಯ ಎಂದುಕೊಂಡರು ಎಲ್ಲರೂ.

ಅಕ್ಕ ಎಚ್ಚರವಾದೊಡನೆ ಬಲಗೈ ಎತ್ತಿ ನೋಡಿಕೊಂಡಳು. ಒಂದು ಗೆರೆಯೂ ಇರಲಿಲ್ಲ. ಒಣಗಿದ ತುಟಿಯಲ್ಲೇ ನಕ್ಕು, ಇವಳ ಕೆನ್ನೆ ಸವರಿದಳು.

ಎರಡನೆಯ ದಿನ ಬೆಳಿಗ್ಗೆ ಚುಚ್ಚಮ್ಮ ವಾರ್ಡಿಗೆ ಹೋದಾಗ ಅಕ್ಕ ತುಟಿ ಒರೆಸಿಕೊಳ್ಳುತ್ತಿದ್ದಳು. “ಬಾಯಿ ಸುತ್ತ ಇರುವೆ ಹರಿದ ಹಾಗಿದೆ ಕಣೇ. ಇಲ್ಲೂ,” ಎಂದು ಬೆರಳ ತುದಿ ತೋರಿಸಿದಳು.

ಏನು ನೋಡಬೇಕೆಂದು ಚುಚ್ಚಮ್ಮನಿಗೆ ಗೊತ್ತಿತ್ತು. ಕ್ಯಾಲ್ಸಿಯಂ ಇಳಿದವರ ತೋಳಿಗೆ ಬಿಪಿ ಪಟ್ಟಿ ಕಟ್ಟಿ ಮೂರು ನಿಮಿಷ ಬಿಗಿ ಹಿಡಿದರೆ ಕೈ ತಾನೇ ಸಾಕ್ಷಿ ಹೇಳುತ್ತದೆ. ಎಡತೋಳಿಗೆ ಪಟ್ಟಿ ಸುತ್ತಿದಳು. ಗಾಳಿ ಹಾಕಿದಳು. ಒಂದು ನಿಮಿಷವಾಯಿತು. ಎರಡನೆಯ ನಿಮಿಷದಲ್ಲಿ ಅಕ್ಕನ ಹೆಬ್ಬೆರಳು ಯಾರೋ ಎಳೆದಂತೆ ಒಳಗೆ ಸರಿಯಿತು. ಮಣಿಕಟ್ಟು ಬಾಗಿತು. ನಾಲ್ಕು ಬೆರಳೂ ನೆಟ್ಟಗೆ ಸೆಟೆದು, ಒಂದಕ್ಕೊಂದು ಅಂಟಿಕೊಂಡು, ತುದಿಯಲ್ಲಿ ಮೊಗ್ಗಿನಂತೆ ಕೂಡಿಕೊಂಡವು.

“ಏಯ್, ಬಿಡಿಸೇ ಇದನ್ನ! ಬಿಡಿಸೋಕಾಗ್ತಿಲ್ಲ ನನಗೆ!”

ಚುಚ್ಚಮ್ಮ ಪಟ್ಟಿಯ ಗಾಳಿ ಬಿಟ್ಟಳು. ಅದೇ ಕೈ, ಅದೇ ಪಟ್ಟಿ.

ಡ್ರಿಪ್‌ನಲ್ಲಿ ಕ್ಯಾಲ್ಸಿಯಂ ಹೋಯಿತು. ಅದನ್ನೂ ಎಡಗೈಗೇ ಹಾಕಿಸಿಕೊಂಡಳು ಅಕ್ಕ. ಮೂರು ದಿನದ ಮೇಲೆ, ದಿನಕ್ಕೆ ನಾಲ್ಕು ಹೊತ್ತು ನುಂಗುವ ಮಾತ್ರೆಗಳ ಡಬ್ಬಿಯೊಂದಿಗೆ ಮನೆಗೆ ಬಂದಳು. ನೆಟ್ಟದ್ದು ಚಿಗುರಲು ಆರರಿಂದ ಎಂಟು ವಾರ ಬೇಕು, ಅರೆಜೀವದ್ದು ಚೇತರಿಸಿಕೊಳ್ಳಲೂಬಹುದು, ವಾರಕ್ಕೊಮ್ಮೆ ರಕ್ತ ಪರೀಕ್ಷೆ ಮಾಡಿಸುತ್ತಿರಿ ಎಂದರು ದೊಡ್ಡ ಡಾಕ್ಟರು. ಪಟ್ಟಿಯ ವಿಷಯವನ್ನೂ ಅವರೇ ಕೂತು ಅಕ್ಕನಿಗೆ ತಿಳಿಸಿದರು. ಮುಚ್ಚಿಡುವ ಜಾತಿಯವರಲ್ಲ ಅವರು. ಕೊನೆಗೆ, “ನಿಮ್ಮ ತಂಗಿ ಸರಿಯಾದ ಹೊತ್ತಿಗೆ ಕೂಗಿದ್ದಕ್ಕೆ ಒಂದು ಉಳೀತು,” ಎಂದೂ ಹೇಳಿದರು.

ಅಕ್ಕ ಹಿಡಿದುಕೊಂಡದ್ದು ಆ ಕೊನೆಯ ಮಾತನ್ನು. ಬಟ್ಟೆ ಕೊಡಲು ಬಂದವರಿಗೆಲ್ಲ ಅದೇ ಕಥೆ.

“ನನ್ನ ಚುಚ್ಚಮ್ಮ ಇಲ್ದೆ ಇದ್ದಿದ್ರೆ ಇಷ್ಟು ಹೊತ್ತಿಗೆ ನನ್ನ ಕೈ ಕಟ್ಟಿಗೆ ಆಗಿರ್ತಿತ್ತು. ಅಷ್ಟು ಜನ ಡಾಕ್ಟರ ಮಧ್ಯೆ ನಿಲ್ಲಿ ಅಂತ ಕೂಗಿದ್ಲು ನೋಡಿ. ಮನೇಲಿ ಗಂಡನ ಮೇಲೆ ಕೂಗಿ ಅಭ್ಯಾಸ.”

ಬಂದವರು ನಗುತ್ತಿದ್ದರು. ಮೆಟ್ಟಿಲಿಳಿಯುತ್ತಿದ್ದ ಚುಚ್ಚಮ್ಮ ಅರ್ಧದಲ್ಲೇ ತಿರುಗಿ, ಏನೋ ಮರೆತವಳ ಹಾಗೆ ಮೇಲೆ ಹೋಗುತ್ತಿದ್ದಳು.

ಹೊಲಿಗೆ ಮೊದಲಿನ ಹಾಗಿರಲಿಲ್ಲ. ನೇರ ಹೊಲಿಗೆಗೆ ತೊಂದರೆಯಿಲ್ಲ. ಮಿಷನ್ ತಾನೇ ಎಳೆದುಕೊಂಡು ಹೋಗುತ್ತದೆ. ಕಾಜಾ, ಗುಂಡಿ, ಅಂಚು ಮಡಿಸುವ ಕೈಹೊಲಿಗೆ ಬಂದರೆ ಅರ್ಧ ಗಂಟೆಯಲ್ಲಿ ಬೆರಳು ಹಿಡಿದುಕೊಳ್ಳುತ್ತಿತ್ತು. ಎಡಗೈಯಿಂದ ಬಲಗೈಯ ಬೆರಳು ಒಂದೊಂದಾಗಿ ಬಿಡಿಸಿ, ತಿಕ್ಕಿ, ಮಾತ್ರೆ ನುಂಗಿ, ಜುಮ್ಮನ್ನುವುದು ಇಳಿಯುವವರೆಗೆ ಬೀದಿ ನೋಡುತ್ತ ಕೂರುತ್ತಿದ್ದಳು. ಮಗು ಶಾಲೆಯಿಂದ ಬಂದು ದಾರ ಪೋಣಿಸಿಕೊಡುತ್ತಿತ್ತು. “ಅಮ್ಮ, ದೊಡ್ಡಮ್ಮನಿಗೆ ಇವತ್ತು ಏಳು ಸಲ ಪೋಣಿಸಿದೆ,” ಎಂದು ಒಂದು ದಿನ ಮೇಲೆ ಬಂದು ಹೆಮ್ಮೆಯಿಂದ ಹೇಳಿಕೊಂಡಿತು. ಅನ್ನ ಬಸಿಯುತ್ತಿದ್ದ ಚುಚ್ಚಮ್ಮ ಗಂಜಿಯ ಜೊತೆ ಅರ್ಧ ಅನ್ನವನ್ನೂ ಚೆಲ್ಲಿದಳು.

ಪಟ್ಟಿ ಕಂಡೂ ತಾನು ಸುಮ್ಮನಿದ್ದದ್ದನ್ನು ಗಂಡನಿಗೆ ಹೇಳಿದಳು. ಅವನು ಯೋಚಿಸಿ, “ನೀನು ಸುಮ್ಮನೆ ತಲೆ ಕೆಡಿಸಿಕೊಳ್ತಿದ್ದೀಯ. ಅತ್ತಿಗೆಗೆ ಹೇಳಿ ಏನು ಬಂತು? ಕಾಳು ವಾಪಸ್ ಬರುತ್ತಾ? ಅವರಿಗೆ ಇರೋದೇ ನೀನೊಬ್ಬಳು ಅನ್ನೋ ಧೈರ್ಯ. ಅದನ್ನೂ ಕಿತ್ಕೋಬೇಡ,” ಎಂದ. ತಪ್ಪು ಹೇಳಿದನೆಂದು ಅವಳಿಗೆ ಅನ್ನಿಸಲಿಲ್ಲ. ಆದರೂ ಪ್ರತಿ ಸೋಮವಾರ ಬೆಳಿಗ್ಗೆ ಡ್ಯೂಟಿಗೆ ಹೋಗುವ ಮುಂಚೆ ಅಕ್ಕನ ಎಡಗೈಯಿಂದ ರಕ್ತ ಎಳೆಯುವಾಗ, ಆ ಪೊಟ್ಟಣ ಹರಿಯುವ ಸದ್ದು ಕಿವಿಯಲ್ಲಿ ಕೇಳುತ್ತಿತ್ತು.

ಆರನೆಯ ಸೋಮವಾರ. ಐದು ವಾರದ ಸೂಜಿಗೆ ಅಕ್ಕನ ಎಡ ಮೊಣಕೈಯ ಮಡಿಕೆ ನೀಲಿಗಟ್ಟಿ, ನರ ಹುರಿಯಂತೆ ಗಟ್ಟಿಯಾಗಿತ್ತು. ಮೊದಲ ಸಲ ಚುಚ್ಚಿದಾಗ ರಕ್ತ ಬರಲಿಲ್ಲ. ಎರಡನೆಯ ಸಲವೂ ಬರಲಿಲ್ಲ.

“ಹದಿನಾಲ್ಕು ವರ್ಷ ಏನು ಕಲಿತೆಯೋ ಚುಚ್ಚಮ್ಮ,” ಎಂದಳು ಅಕ್ಕ, ನೋವಿಗೆ ಕಣ್ಣು ಕಿರಿದು ಮಾಡಿ. “ಹೋಗ್ಲಿ, ಕೈ ಉಳಿಸಿದವಳು, ಎಷ್ಟು ಬೇಕಾದ್ರೂ ಚುಚ್ಚು.”

ಚುಚ್ಚಮ್ಮ ಸಿರಿಂಜನ್ನು ತಟ್ಟೆಯಲ್ಲಿಟ್ಟಳು.

“ನಾನು ಉಳಿಸ್ಲಿಲ್ಲ ಅಕ್ಕ.”

“ಮತ್ತೆ ಶುರು ಮಾಡಿದ್ಲು. ಪಟ್ಟಿ ನಿಲ್ಲಿಸೋದು ಮರೆತೆ, ಅಷ್ಟೇ ತಾನೇ? ಡಾಕ್ಟರು ಹೇಳಿದ್ರಲ್ಲ. ಮರೆಯೋದು ಯಾರಿಗಿಲ್ಲ? ನಾನು ಒಂದು ಸಲ ಅಂಗಿಗೆ ಎರಡೂ ಎಡತೋಳೇ ಹಚ್ಚಿಬಿಟ್ಟಿದ್ದೆ.”

“ಮರೆತದ್ದಲ್ಲ. ಅದಾದ ಮೇಲಿಂದು.” ಅವಳು ನೆಲ ನೋಡುತ್ತ ಹೇಳಿದಳು. “ಮೊದಲನೇದನ್ನ ಕತ್ತರಿಸೋ ಮುಂಚೆನೇ ನನಗೆ ಗೊತ್ತಾಗಿತ್ತು. ಪಟ್ಟಿ ಉಬ್ಬಿರೋದು ಕಂಡಿತ್ತು. ಹೇಳ್ಲಿಲ್ಲ. ನನ್ನ ಮರ್ಯಾದೆ ಹೋಗುತ್ತೆ ಅಂತ ಬಾಯಿ ಬರ್ಲಿಲ್ಲ. ರಕ್ತ ಕಂಡ ಮೇಲೆ ಕೂಗಿದೆ. ಜೀವ ಇದ್ದ ಕಾಳು ಅಕ್ಕ ಅದು.”

ಹೊರಗೆ ಯಾರೋ ಸೈಕಲ್ ಗಂಟೆ ಬಾರಿಸಿ ಹೋದರು. ಅಕ್ಕನ ಮೊಣಕೈಯ ಮೇಲಿನ ಹತ್ತಿಯಲ್ಲಿ ಒಂದು ಚುಕ್ಕೆ ಕೆಂಪು ಹರಡುತ್ತಿತ್ತು.

“ಎಷ್ಟು ಹೊತ್ತು?” ಎಂದಳು ಅಕ್ಕ.

“ಒಂದು ಪೊಟ್ಟಣ ಹರಿಯೋವಷ್ಟು. ಅವರು ಬಟ್ಟಲು ಕೇಳಿದ್ರು. ನಾನೇ ಹರಿದು ಕೊಟ್ಟೆ.”

“ಬೇಗ ಹರಿದೆಯಾ, ನಿಧಾನಕ್ಕಾ?”

ದಿನವಿಡೀ ಬಟ್ಟೆ ಹರಿಯುವವಳ ಪ್ರಶ್ನೆ ಅದು. ಸುಳ್ಳು ಹೇಳುವಂತಿರಲಿಲ್ಲ.

“ನಿಧಾನಕ್ಕೆ.”

ಅಕ್ಕ ಎದ್ದು, ಹತ್ತಿಯನ್ನು ಕಸದ ಡಬ್ಬಿಗೆ ಹಾಕಿ, ಟೇಪನ್ನು ಕುತ್ತಿಗೆಗೆ ಏರಿಸಿಕೊಂಡಳು. ಗಾಯದ ಗೆರೆ ಟೇಪಿನಡಿ ಮರೆಯಾಯಿತು. ಮಿಷನ್‌ನ ಮುಂದೆ ಕೂತು ಬೆನ್ನು ತಿರುಗಿಸಿದಳು. ಆ ವಾರದ ರಕ್ತ ಪರೀಕ್ಷೆ ಆಗಲೇ ಇಲ್ಲ.

ಆಮೇಲಿನ ಏಳು ದಿನ ಕೆಳಗಿನ ಮನೆಯ ಬಾಗಿಲೇನೂ ಮುಚ್ಚಲಿಲ್ಲ. ಮಗು ಎಂದಿನಂತೆ ಹೋಗಿ ಬಂತು, ಅದರ ಹರಿದ ಜೇಬು ಹೊಲಿದು ಬಂತು. ಚುಚ್ಚಮ್ಮ ಕೆಳಗೆ ಇಟ್ಟುಬಂದ ಊಟದ ಪಾತ್ರೆ ತೊಳೆದು, ಒರೆಸಿ, ಮೆಟ್ಟಿಲ ಮೇಲೆ ಬೋರಲಾಗಿ ಇಟ್ಟಿರುತ್ತಿತ್ತು. ಮೇಲಕ್ಕೆ ಕೂಗುವ ದನಿ ಮಾತ್ರ ನಿಂತುಹೋಯಿತು. “ಚುಚ್ಚಮ್ಮಾ, ಹಾಲು ಉಕ್ತಿದೆ, ವಾಸನೆ ಬರ್ತಿದೆ ನೋಡೇ” ಎಂಬ ಕೂಗಿಲ್ಲದೆ ಎರಡು ಸಲ ಹಾಲು ಉಕ್ಕಿ ಒಲೆಯೆಲ್ಲ ಹರಿಯಿತು. “ಅಮ್ಮ, ದೊಡ್ಡಮ್ಮ ಯಾಕೆ ನಗಲ್ಲ?” ಎಂದು ಮಗು ಕೇಳಿತು. “ಕುತ್ತಿಗೆ ನೋವು ಪುಟ್ಟಿ,” ಎಂದಳು.

ಮುಂದಿನ ಸೋಮವಾರ ಹೋಗುವುದೋ ಬೇಡವೋ ಎಂದು ಸಿರಿಂಜಿನ ಡಬ್ಬಿ ಹಿಡಿದು ಮೆಟ್ಟಿಲ ಮೇಲೆ ನಿಂತಿದ್ದಳು. ಬಾಗಿಲು ತೆರೆದಿತ್ತು. ಅಕ್ಕ ಕಿಟಕಿಯ ಬೆಳಕಿಗೆ ಕುರ್ಚಿ ಹಾಕಿಕೊಂಡು ಕೂತಿದ್ದಳು. ಇವಳನ್ನು ಕಂಡು ರವಿಕೆಯ ಬಲತೋಳು ಮೇಲಕ್ಕೆ ಮಡಚಿ, ಕೈಯನ್ನು ಮೇಜಿನ ಮೇಲೆ ನೀಡಿದಳು. ಮೂವತ್ತು ವರ್ಷ ಕತ್ತರಿ ಹಿಡಿದು ಹೆಬ್ಬೆರಳ ಬುಡದಲ್ಲಿ ಜಡ್ಡುಗಟ್ಟಿದ ಕೈ.

“ಇದಕ್ಕೆ ಚುಚ್ಚು.”

“ಅಕ್ಕ, ಅದು ಹೊಲಿಯೋ ಕೈ.”

“ಗೊತ್ತು. ಇದನ್ನ ಕಾಪಾಡೋಕೆ ಹೋಗೇ ಇಷ್ಟೆಲ್ಲ ಆಯ್ತು. ಬೇಡ ಅಂದವಳು ನಾನು, ನಿನ್ನ ಹತ್ತಿರ ಮಾತು ತಗೊಂಡವಳು ನಾನು. ಅಷ್ಟು ನನ್ನ ಪಾಲಿಗೆ. ಪೊಟ್ಟಣದ್ದು ಮಾತ್ರ ನಿನ್ನದೇ. ಅದನ್ನ ನಾನು ಹೊರೋಕಾಗಲ್ಲ.”

“ಹ್ಞೂಂ ಅಕ್ಕ.”

ಚುಚ್ಚಮ್ಮ ರಬ್ಬರ್ ಪಟ್ಟಿ ಕಟ್ಟಿದಳು. ವರ್ಷಗಳಿಂದ ಯಾರೂ ಮುಟ್ಟದ ನರ ಸಲೀಸಾಗಿ ಸಿಕ್ಕಿತು. ಕಡುಗೆಂಪು ರಕ್ತ ಸಿರಿಂಜಿನೊಳಗೆ ಏರಿತು. ಅಕ್ಕ ಪಕ್ಕಕ್ಕೆ ನೋಡಲಿಲ್ಲ, ಕಣ್ಣು ಕಿರಿದು ಮಾಡಲಿಲ್ಲ. ಬೇರೆ ಯಾರದೋ ಬಟ್ಟೆಯ ಅಳತೆ ನೋಡುವವಳಂತೆ ಸೂಜಿಯನ್ನೇ ನೋಡುತ್ತಿದ್ದಳು. ಪಟ್ಟಿ ಬಿಚ್ಚಿದಾಗ ಬೆರಳು ಒಂದು ಗಳಿಗೆ ಒಳಗೆ ಸೆಳೆದುಕೊಂಡು, ನಿಧಾನವಾಗಿ ಬಿಟ್ಟುಕೊಂಡವು.

“ಹೊತ್ತಾಯ್ತು. ಡ್ಯೂಟಿಗೆ ಹೋಗು,” ಎಂದಳು. ಹೆಸರು ಹಿಡಿದು ಕರೆಯಲಿಲ್ಲ.

ರಕ್ತದ ಸೀಸೆಯನ್ನು ಕೈಚೀಲದಲ್ಲಿಟ್ಟುಕೊಂಡು ಚುಚ್ಚಮ್ಮ ಮೇಲೆ ಹೋಗಿ, ಚಪ್ಪಲಿ ಮೆಟ್ಟಿ, ಮತ್ತೆ ಇಳಿದಳು. ಅರ್ಧ ಮೆಟ್ಟಿಲಿಗೆ ಬರುವಾಗ ಮಿಷನ್ ಶುರುವಾಯಿತು. ಸ್ವಲ್ಪ ಓಡಿತು, ನಿಂತಿತು. ಬೆರಳು ಹಿಡಿದುಕೊಂಡಿರಬೇಕು. ಅವಳು ಗೋಡೆಗೆ ಕೈಯಿಟ್ಟು ಕಾದಳು. ಮೇಲಿನ ಮನೆಯ ನಲ್ಲಿ ತೊಟ್ಟಿಕ್ಕುವುದು ಕೇಳಿಸುತ್ತಿತ್ತು. ಬಸ್ಸು ತಪ್ಪುತ್ತದೆಂದು ಗೊತ್ತಿದ್ದೂ, ಮಿಷನ್ ಮತ್ತೆ ಓಡುವವರೆಗೆ ಅಲ್ಲೇ ನಿಂತಿದ್ದಳು.